ಯುದ್ಧದ ಟೈಮಲ್ಲಿ ಅಮೆರಿಕದ ಪ್ರೆಸಿಡೆಂಟ್ ಪವರ್ ಎಲ್ಲೀವರೆಗೆ? ವಕೀಲರನ್ನ ಕೇಳಿ

ಪ್ರಶ್ನೆ (ನ್ಯೂಜೆರ್ಸಿಯಿಂದ): ನಮಸ್ಕಾರ ಮೇಡಂ. ಮಗಳು ಹೈಸ್ಕೂಲು, ಮುಂದಿನ ವಾರ ಅವಳಿಗೆ ಡಿಬೇಟ್ ಇದೆ. ಯುದ್ಧದ ಕಾಲದಲ್ಲಿ ಪ್ರೆಸಿಡೆಂಟು ಜನರ ಹಕ್ಕು ಮೊಟಕು ಮಾಡಬಹುದು ಅನ್ನೋದು ಟಾಪಿಕ್, ಇವಳಿಗೆ ಪರವಾಗಿ ಮಾತಾಡೋ ಪಾಳಿ ಬಂದಿದೆ. ಊಟಕ್ಕೆ ಕೂತ್ರೆ ಇದೇ ಜಗಳ, ಅವಳು ಲಿಂಕನ್ನೇ ಮಾಡಿದ್ರಲ್ಲಪ್ಪ ಅಂತಾಳೆ, ನಾನು ಸಂವಿಧಾನ ಇರುವಾಗ ಅದು ಹೇಗೆ ನಡೆಯುತ್ತೆ ಅಂತೀನಿ, ನಿಜ ಹೇಳ್ಬೇಕಂದ್ರೆ ಇಬ್ಬರಿಗೂ ಪೂರ್ತಿ ಗೊತ್ತಿಲ್ಲ. ಜೊತೆಗೆ ನಮ್ಮದಿನ್ನೂ ಗ್ರೀನ್ ಕಾರ್ಡು, ನಮ್ಮಂಥವರಿಗೆ ಈ ಹಕ್ಕುಗಳೆಲ್ಲ ಲೆಕ್ಕಕ್ಕೆ ಬರುತ್ತಾ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ (ವಕೀಲರು): ನಮಸ್ಕಾರ ಸರ್. ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಕಾಗದದ ಮೇಲೆ ಏನಿದೆ ಅಂತ ನೋಡೋಣ. ಅಮೆರಿಕದ ಸಂವಿಧಾನದಲ್ಲಿ ಯುದ್ಧ ಘೋಷಣೆ ಮಾಡೋ ಅಧಿಕಾರ ಕಾಂಗ್ರೆಸ್ಸಿಗೆ, ಅಂದ್ರೆ ಅಲ್ಲಿನ ಪಾರ್ಲಿಮೆಂಟಿಗೆ. ಸೈನ್ಯಕ್ಕೆ ದುಡ್ಡು ಕೊಡೋದೂ ಅವರೇ. ಪ್ರೆಸಿಡೆಂಟು ಭೂಸೇನೆ, ನೌಕಾಪಡೆಗಳ ದಂಡನಾಯಕ, ಅಷ್ಟೇ ಬರೆದಿರೋದು, ಆ ದಂಡನಾಯಕ ದೇಶದೊಳಗಿನ ಜನರ ಮೇಲೆ ಏನೇನು ಮಾಡಬಹುದು ಅಂತ ಒಂದು ಅಕ್ಷರವೂ ಇಲ್ಲ. ಇನ್ನು ಹೇಬಿಯಸ್ ಕಾರ್ಪಸ್. ಹಿಡಿದವನನ್ನ ಜಡ್ಜ್ ಮುಂದೆ ತಂದು ನಿಲ್ಲಿಸಿ, ಯಾಕೆ ಹಿಡಿದ್ರಿ ಅಂತ ಕಾರಣ ಕೊಡಿ ಅಂತ ಕೇಳೋ ಹಕ್ಕು ಅದು. ದಂಗೆ ಅಥವಾ ಪರದೇಶದ ದಾಳಿ ಆಗಿ ಜನರ ರಕ್ಷಣೆಗೆ ಬೇಕೇ ಬೇಕು ಅನ್ನಿಸಿದಾಗ ಮಾತ್ರ ಅದನ್ನ ತಡೆಹಿಡಿಯಬಹುದು ಅಂತ ಇದೆ. ಆ ವಾಕ್ಯ ಬಂದಿರೋದು ಕಾಂಗ್ರೆಸ್ಸಿನ ಅಧಿಕಾರ ಹೇಳೋ ಮೊದಲನೇ ಆರ್ಟಿಕಲ್ಲಿನಲ್ಲಿ, ಪ್ರೆಸಿಡೆಂಟಿನ ಎರಡನೇ ಆರ್ಟಿಕಲ್ಲಿನಲ್ಲಿ ಅಲ್ಲ. ಲಿಂಕನ್ ಕಾಲದ ಜಗಳ ಪೂರ್ತಿ ಹುಟ್ಟಿದ್ದು ಇಲ್ಲೇ.

1861 ಏಪ್ರಿಲ್. ದಕ್ಷಿಣದ ರಾಜ್ಯಗಳು ಬೇರೆಯಾಗಿ ಅಂತರ್ಯುದ್ಧ ಶುರುವಾಗಿದೆ, ವಾಷಿಂಗ್ಟನ್ನಿಗೆ ಸೈನ್ಯ ಬರಬೇಕಂದ್ರೆ ಮೇರಿಲ್ಯಾಂಡ್ ದಾಟಿ ಬರಬೇಕು, ಬಾಲ್ಟಿಮೋರಲ್ಲಿ ಜನ ಸೈನಿಕರ ಮೇಲೆ ಮುಗಿಬಿದ್ರು, ರೈಲ್ವೆ ಸೇತುವೆಗಳನ್ನ ಸುಟ್ಟುಹಾಕಿದ್ರು. ಕಾಂಗ್ರೆಸ್ ಸೆಷನ್ ಇರಲಿಲ್ಲ. ಲಿಂಕನ್ ಏಪ್ರಿಲ್ 27ಕ್ಕೆ ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ ತನಕದ ದಾರಿಗುಂಟ ಹೇಬಿಯಸ್ ಕಾರ್ಪಸ್ ತಡೆಹಿಡಿಯೋಕೆ ಸೇನಾಧಿಕಾರಿಗೆ ಒಪ್ಪಿಗೆ ಕೊಟ್ಟರು. ಮೇ 25ರ ರಾತ್ರಿ ಎರಡು ಗಂಟೆಗೆ ಜಾನ್ ಮೆರಿಮನ್ ಅನ್ನೋ ಜಮೀನ್ದಾರನನ್ನ ಮನೆಯಿಂದ ಎಬ್ಬಿಸಿಕೊಂಡು ಹೋಗಿ ಫೋರ್ಟ್ ಮೆಕ್‌ಹೆನ್ರಿ ಕೋಟೆಯಲ್ಲಿ ಕೂಡಿಹಾಕಿದ್ರು, ಸೇತುವೆ ಸುಟ್ಟವರಲ್ಲಿ ಇವನೂ ಇದ್ದ ಅಂತ. ಚೀಫ್ ಜಸ್ಟೀಸ್ ಟೇನಿ, ಆಗ 84 ವರ್ಷದ ಮುದುಕರು, ಅವನನ್ನ ತಂದು ನಿಲ್ಲಿಸಿ ಅಂತ ರಿಟ್ ಹೊರಡಿಸಿದ್ರು. ಕೋಟೆ ಉಸ್ತುವಾರಿಯ ಜನರಲ್ ತಾನು ಬರಲಿಲ್ಲ. ಸೊಂಟಕ್ಕೆ ಕತ್ತಿ ಕಟ್ಟಿದ ಒಬ್ಬ ಆಫೀಸರನ್ನ ಕೋರ್ಟಿಗೆ ಕಳಿಸಿ, ಪ್ರೆಸಿಡೆಂಟ್ ಅಪ್ಪಣೆ ಇದೆ, ಟೈಮ್ ಬೇಕು ಅಂತ ಹೇಳಿಸಿದ. ಟೇನಿ ಕೋರ್ಟ್ ನಿಂದನೆಗೆ ಜನರಲ್ಲನ್ನೇ ಹಿಡ್ಕೊಂಡು ಬಾ ಅಂತ ಮಾರ್ಷಲ್ಲನ್ನ ಕಳಿಸಿದ್ರು, ಮರುದಿನ ಆ ಮಾರ್ಷಲ್ ಕೋಟೆಯ ಹೊರಬಾಗಿಲು ದಾಟೋಕೂ ಆಗದೆ ವಾಪಸ್ ಬಂದ. ದೇಶದ ಅತಿ ದೊಡ್ಡ ಜಡ್ಜ್ ಆದೇಶ ಕೋಟೆ ಬಾಗಿಲಲ್ಲೇ ನಿಂತುಹೋಯ್ತು. ಟೇನಿ ಕೈಲಿ ಆಗಿದ್ದು ಇಷ್ಟೇ, ಈ ಅಧಿಕಾರ ಕಾಂಗ್ರೆಸ್ಸಿಂದೇ ಹೊರತು ಪ್ರೆಸಿಡೆಂಟಿಂದಲ್ಲ ಅಂತ ತೀರ್ಪು ಬರೆದು ಲಿಂಕನ್ನಿಗೆ ಒಂದು ಪ್ರತಿ ಕಳಿಸಿದ್ರು. ಲಿಂಕನ್ ಕೇಳಲಿಲ್ಲ. ಮೆರಿಮನ್ ಸುಮಾರು ಏಳು ವಾರ ಒಳಗಿದ್ದು ಆಚೆ ಬಂದ, ದೇಶದ್ರೋಹದ ಕೇಸ್ ಹಾಕಿದ್ರು, ಕೊನೇವರೆಗೂ ವಿಚಾರಣೆ ನಡೀಲಿಲ್ಲ.

ಬಾಲ್ಟಿಮೋರ್ ಕಡೆ ಇರೋ ನಮ್ಮವರು ಆ ಕೋಟೆ ನೋಡಿರ್ತೀರ. ಅಮೆರಿಕದ ರಾಷ್ಟ್ರಗೀತೆ ಹುಟ್ಟಿದ್ದು 1814ರಲ್ಲಿ ಅದೇ ಕೋಟೆ ಮೇಲಿನ ಬಾವುಟ ನೋಡಿ. 1861ರ ಸೆಪ್ಟೆಂಬರಲ್ಲಿ ಲಿಂಕನ್ ಸರ್ಕಾರವನ್ನ ಟೀಕೆ ಮಾಡಿದ ಒಬ್ಬ ಪತ್ರಿಕೆ ಸಂಪಾದಕನನ್ನ ತಂದು ಹಾಕಿದ್ದೂ ಅಲ್ಲೇ, ಆತ ಆ ಗೀತೆ ಬರೆದವರ ಮೊಮ್ಮಗ.

ಹಾಗಾಗಿ ಮಗಳು ಹೇಳಿದ್ದು ಸರಿ, ಲಿಂಕನ್ ಮಾಡಿದ್ರು. ನೀವು ಹೇಳಿದ್ದೂ ಸರಿ, ಮಾಡಬಾರದು ಅಂತ ಕೋರ್ಟ್ ಹೇಳಿತ್ತು. ಗ್ರೀನ್ ಕಾರ್ಡ್ ವಿಷಯಕ್ಕೆ ಆಮೇಲೆ ಬರ್ತೀನಿ.

ಪ್ರಶ್ನೆ (ಮಡಿಕೇರಿಯಿಂದ, ನಿವೃತ್ತ ಸೈನಿಕರು): ಮೇಡಂ, ತಪ್ಪು ತಿಳೀಬೇಡಿ, ನಾನು ಫೌಜಲ್ಲಿ ಇದ್ದವನು. ಸೇತುವೆ ಸುಡೋರನ್ನ ಹಿಡಿದು ಹಾಕದೆ ಜಡ್ಜ್ ಬಾಗಿಲು ತಟ್ಟಿಕೊಂಡು ಕೂತ್ರೆ ರಾಜಧಾನಿನೇ ಹೋಗ್ತಿತ್ತು. ದೇಶ ಉಳಿದ್ರೆ ತಾನೇ ಸಂವಿಧಾನ? ಲಿಂಕನ್ ಸರಿಯಾಗೇ ಮಾಡಿದ್ರು ಅಂತ ನನ್ನ ಅಭಿಪ್ರಾಯ.

ಉತ್ತರ (ವಕೀಲರು): ಸರ್, ತಪ್ಪು ತಿಳಿಯೋ ಮಾತೇ ಇಲ್ಲ. ಲಿಂಕನ್ನೂ ಇದನ್ನೇ ಹೇಳಿದ್ರು. ಜುಲೈ 4ಕ್ಕೆ ಕಾಂಗ್ರೆಸ್ಸನ್ನ ವಿಶೇಷವಾಗಿ ಕರೆಸಿ, ಒಂದು ಕಾನೂನು ಮುರೀಬಾರದು ಅಂತ ಹೇಳ್ಕೊಂಡು ಉಳಿದ ಎಲ್ಲ ಕಾನೂನೂ ಮಣ್ಣುಪಾಲಾಗಿ ಸರ್ಕಾರವೇ ಒಡೆದುಹೋಗಲಿ ಅಂತ ಬಿಡಬೇಕಾ ಅನ್ನೋ ಅರ್ಥದಲ್ಲಿ ಕೇಳಿದ್ರು. ಆ ಏಪ್ರಿಲ್ ತಿಂಗಳ ಮಟ್ಟಿಗೆ ನನಗೂ ಲಿಂಕನ್ ಬಗ್ಗೆ ಅಷ್ಟೊಂದು ತಕರಾರಿಲ್ಲ. ದಂಗೆ ನಿಜವಾಗಿ ನಡೀತಿತ್ತು, ಕಾಂಗ್ರೆಸ್ ಕೂತಿರಲಿಲ್ಲ, ಕೂತ ಮೇಲೆ ಮುಚ್ಚಿಡದೆ ಅವರ ಮುಂದೆ ಇಟ್ಟರು, 1863ರ ಮಾರ್ಚಲ್ಲಿ ಕಾಂಗ್ರೆಸ್ಸೇ ಕಾನೂನು ಮಾಡಿ ಆ ಅಧಿಕಾರ ಕೊಡ್ತು.

ಆದ್ರೆ ಸರ್, ಅದು ಸೇತುವೆ ಸುಡೋರ ಹತ್ರ ನಿಲ್ಲಲಿಲ್ಲ, ನನ್ನ ತಕರಾರು ಅದು. ರೈಲು ದಾರಿಗುಂಟ ಅಂತ ಶುರುವಾಗಿದ್ದು ಮುಂದಿನ ವರ್ಷಕ್ಕೆ ಇಡೀ ದೇಶಕ್ಕೆ ಹರಡ್ತು. 1863ರಲ್ಲಿ ಒಹಾಯೊದಲ್ಲಿ ವಲಾಂಡಿಗಮ್ ಅನ್ನೋ ಮಾಜಿ ಸಂಸದ ಯುದ್ಧದ ವಿರುದ್ಧ ಭಾಷಣ ಮಾಡಿದ ಅಂತ ಸೈನಿಕರು ರಾತ್ರೋರಾತ್ರಿ ಬಾಗಿಲು ಒಡೆದು ಎತ್ಕೊಂಡು ಹೋದ್ರು, ಮಿಲಿಟರಿ ಕಮಿಷನ್ ಶಿಕ್ಷೆ ಕೊಡ್ತು, ಲಿಂಕನ್ ಅವನನ್ನ ಗಡೀಪಾರು ಮಾಡಿ ದಕ್ಷಿಣದವರ ಕಡೆ ಬಿಟ್ಟುಬಿಟ್ರು. ಅವನು ಯಾವ ಸೇತುವೆ ಸುಟ್ಟಿದ್ದ? 1864ರಲ್ಲಿ ಇಂಡಿಯಾನಾದಲ್ಲಿ ಮಿಲಿಗನ್ ಅನ್ನೋ ವಕೀಲನನ್ನ ಹಿಡಿದು, ಪಿತೂರಿ ಮಾಡ್ದ ಅಂತ ಮಿಲಿಟರಿ ಕಮಿಷನ್ ನೇಣು ಶಿಕ್ಷೆ ವಿಧಿಸ್ತು. ಇಂಡಿಯಾನಾದಲ್ಲಿ ಆಗ ಮಾಮೂಲಿ ಕೋರ್ಟುಗಳು ದಿನಾ ನಡೀತಿದ್ವು, ಜಡ್ಜ್ ಇದ್ರು, ಜ್ಯೂರಿ ಇತ್ತು, ಆದ್ರೂ ಸೇನೆ ಕೈಗೆ ಕೊಟ್ಟರು.

ಸುಪ್ರೀಂ ಕೋರ್ಟ್ 1866ರಲ್ಲಿ ಮಿಲಿಗನ್‌ನ ಬಿಡಿಸ್ತು, ಮಾಮೂಲಿ ಕೋರ್ಟುಗಳ ಬಾಗಿಲು ತೆರೆದಿರೋ ಕಡೆ ಸಾಮಾನ್ಯ ನಾಗರಿಕನನ್ನ ಮಿಲಿಟರಿ ವಿಚಾರಣೆ ಮಾಡೋ ಹಾಗಿಲ್ಲ ಅಂತ. ಸಂವಿಧಾನ ಯುದ್ಧದಲ್ಲೂ ಶಾಂತಿಯಲ್ಲೂ ಒಂದೇ ಥರ ಆಳುವವರಿಗೂ ಪ್ರಜೆಗಳಿಗೂ ಕಾನೂನು ಅಂತ ಬರೆದರು. ಬರೆದವರು ಡೇವಿಡ್ ಡೇವಿಸ್, ಲಿಂಕನ್ನರ ಹಳೇ ಸ್ನೇಹಿತರು, ಲಿಂಕನ್ನೇ ನೇಮಿಸಿದ್ದ ಜಡ್ಜ್. ತುಂಬಾ ಒಳ್ಳೆ ತೀರ್ಪು, ಈಗ್ಲೂ ಓದಿದ್ರೆ ಮೈ ಜುಂ ಅನ್ನುತ್ತೆ, ಆದ್ರೆ ತಾರೀಕು ನೋಡಿ ಸರ್. ಯುದ್ಧ ಮುಗಿದದ್ದು 1865, ತೀರ್ಪು 1866. ಈ ವಿಷಯದಲ್ಲಿ ಯಾವ ಕೇಸು ಓದಿದ್ರೂ ನಾನು ಮೊದಲು ನೋಡೋದು ತೀರ್ಪು ಏನು ಅಂತಲ್ಲ, ಯಾವಾಗ ಬಂತು ಅಂತ. ಒಳಗಿರೋನಿಗೆ ಯುದ್ಧ ಮುಗಿದ ಮೇಲೆ ಬರೋ ನ್ಯಾಯದಿಂದ ಎಷ್ಟು ಉಪಯೋಗ ಹೇಳಿ.

ಪ್ರಶ್ನೆ (ದಾವಣಗೆರೆಯಿಂದ, ಯುಪಿಎಸ್‌ಸಿ ತಯಾರಿ): ಮೇಡಂ ನಮಸ್ತೆ, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನ ಕ್ಯಾಂಪಿಗೆ ಹಾಕಿದ್ರು ಅಂತ ಓದಿದ್ದೆ, ಅವರು ಅಮೆರಿಕನ್ ಸಿಟಿಜನ್ಸೇ ಆಗಿದ್ರಾ? ಸುಪ್ರೀಂ ಕೋರ್ಟ್ ಒಪ್ಪಿಬಿಡ್ತಾ ಅದನ್ನ?

ಉತ್ತರ (ವಕೀಲರು): ಒಪ್ಪಿಬಿಡ್ತು ಮಾರಾಯ. ಅದನ್ನ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತೆ.

1941 ಡಿಸೆಂಬರ್ 7 ಪರ್ಲ್ ಹಾರ್ಬರ್. 1942 ಫೆಬ್ರವರಿ 19ಕ್ಕೆ ರೂಸ್‌ವೆಲ್ಟ್ 9066ನೇ ಕಾರ್ಯಾದೇಶಕ್ಕೆ ಸಹಿ ಹಾಕಿದ್ರು. ಅದರಲ್ಲಿ ಜಪಾನಿ ಅನ್ನೋ ಪದವೇ ಇಲ್ಲ, ಮಿಲಿಟರಿ ಕಮಾಂಡರ್ ಬೇಕಾದ ಪ್ರದೇಶದಿಂದ ಬೇಕಾದವರನ್ನ ಹೊರಗೆ ಹಾಕಬಹುದು ಅಂತ ಅಷ್ಟೇ. ಕಾಂಗ್ರೆಸ್ಸೂ ಮುಂದಿನ ತಿಂಗಳೇ, ಈ ಆದೇಶ ಮೀರಿದ್ರೆ ಜೈಲು ಅಂತ ಕಾನೂನು ಮಾಡಿ ಕೈ ಜೋಡಿಸ್ತು. ಸುಮಾರು 1,20,000 ಜನರನ್ನ ಪಶ್ಚಿಮ ಕರಾವಳಿಯಿಂದ ಎಬ್ಬಿಸಿದ್ರು, ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕಂಬಕ್ಕೆ ಗೋಡೆಗೆ ನೋಟಿಸ್ ಅಂಟಿಸೋರು, ಕೆಲವೇ ದಿನದ ಗಡುವು, ಕೈಲಿ ಹೊರೋಕಾಗುವಷ್ಟು ಸಾಮಾನು ಮಾತ್ರ, ಪ್ರತಿ ಮನೆಗೂ ಒಂದು ನಂಬರ್, ಆ ನಂಬರಿನ ಚೀಟಿ ಕೋಟಿಗೂ ಪೆಟ್ಟಿಗೆಗೂ ಕಟ್ಟಿರ್ತಿತ್ತು, ಸಣ್ಣ ಮಕ್ಕಳಿಗೂ. ಅಂಗಡಿ, ತೋಟ, ದೋಣಿ ಎಲ್ಲ ಸಿಕ್ಕಿದ ರೇಟಿಗೆ ಮಾರಿ ಹೊರಟರು. ಕ್ಯಾಂಪ್ ರೆಡಿ ಆಗೋತನಕ ಕೆಲವರನ್ನ ಕುದುರೆ ರೇಸ್ ಮೈದಾನದ ಲಾಯಗಳಲ್ಲಿ ಇಟ್ಟಿದ್ರು, ಸ್ಯಾನ್ ಫ್ರಾನ್ಸಿಸ್ಕೊ ಹತ್ರದ ಟ್ಯಾನ್‌ಫೊರಾನ್ ಅಂಥದ್ದೇ ಒಂದು.

ಫ್ರೆಡ್ ಕೊರೆಮಾಟ್ಸು ಅಂತ 23 ವರ್ಷದ ವೆಲ್ಡರ್ ಹುಡುಗ, ಓಕ್‌ಲ್ಯಾಂಡಲ್ಲಿ ಹುಟ್ಟಿದವನು, ನಾನು ಹೋಗಲ್ಲ ಅಂದ. ಗುರುತು ಸಿಗಬಾರದು ಅಂತ ಕಣ್ಣಿಗೆ ಸಣ್ಣ ಆಪರೇಶನ್ ಕೂಡ ಮಾಡಿಸ್ಕೊಂಡಿದ್ದ. 1942ರ ಮೇ ಕೊನೆಗೆ ಬೀದಿಯಲ್ಲಿ ಸಿಕ್ಕಿಬಿದ್ದ. ಸ್ಥಳೀಯ ಸಿವಿಲ್ ಲಿಬರ್ಟೀಸ್ ಯೂನಿಯನ್ನಿನವರು ಬೇಲ್ ಹಣ ಕಟ್ಟಿದ್ರು, ಬೇಲ್ ಸಿಕ್ಕರೂ ಮಿಲಿಟರಿ ಪೊಲೀಸ್ ಬಾಗಿಲಲ್ಲೇ ನಿಂತಿದ್ದು ಮತ್ತೆ ಎಳ್ಕೊಂಡು ಹೋದ್ರು.

ಕೇಸು ಸುಪ್ರೀಂ ಕೋರ್ಟಲ್ಲಿ ತೀರ್ಮಾನ ಆಗಿದ್ದು 1944 ಡಿಸೆಂಬರ್ 18ಕ್ಕೆ, 6-3ರಲ್ಲಿ ಅವನು ಸೋತ. ಮಿಲಿಟರಿ ಅವಶ್ಯಕತೆ ಅಂತ ಮಿಲಿಟರಿಯವರೇ ಹೇಳ್ತಿದ್ದಾರೆ, ನಾವು ಬೇಡ ಅನ್ನೋಕಾಗಲ್ಲ ಅನ್ನೋದು ಬಹುಮತದ ಒಟ್ಟು ಸಾರ. ಭಿನ್ನ ತೀರ್ಪು ಬರೆದ ಜಡ್ಜ್ ಜಾಕ್ಸನ್, ಈ ತತ್ವ ಗುಂಡು ತುಂಬಿಟ್ಟ ಬಂದೂಕಿನ ಹಾಗೆ ಬಿದ್ದಿರುತ್ತೆ, ಮುಂದೆ ಯಾವ ಅಧಿಕಾರಿಯಾದ್ರೂ ತುರ್ತು ಅಂತ ಹೇಳಿ ಕೈಗೆತ್ತಿಕೊಳ್ಳಬಹುದು ಅಂತ ಎಚ್ಚರಿಸಿದ್ರು. ಅದೇ ದಿನ ಎಂಡೊ ಅನ್ನೋ ಹೆಣ್ಣುಮಗಳ ಹೇಬಿಯಸ್ ಕೇಸಲ್ಲಿ, ನಿಷ್ಠೆ ಬಗ್ಗೆ ಅನುಮಾನವೇ ಇಲ್ಲದ ಪ್ರಜೆಯನ್ನ ಹಿಡಿದಿಡೋಕೆ ಆಗಲ್ಲ ಅಂತ ಎಲ್ಲ ಜಡ್ಜೂ ಒಂದಾಗಿ ಹೇಳಿದ್ರು. ಸರ್ಕಾರಕ್ಕೆ ಗಾಳಿ ಗೊತ್ತಾಗಿತ್ತು ಅನ್ನಿಸುತ್ತೆ, ಹಿಂದಿನ ದಿನ ಭಾನುವಾರವೇ ಸೇನೆ ನಿರ್ಬಂಧ ತೆಗೀತೀವಿ ಅಂತ ಪ್ರಕಟಣೆ ಕೊಟ್ಟಿತ್ತು.

ಇನ್ನೂ ಕೆಟ್ಟದ್ದು ಇದೆ. ಜಪಾನಿ ಮೂಲದವರು ದಡದಿಂದ ಶತ್ರು ಹಡಗುಗಳಿಗೆ ರೇಡಿಯೊ ಸಿಗ್ನಲ್ ಕಳಿಸ್ತಿದ್ರು ಅಂತ ಸೇನೆ ವರದಿಯಲ್ಲಿ ಬರೆದಿತ್ತು, ಅದು ಸುಳ್ಳು ಅಂತ ಸರ್ಕಾರದ ಬೇರೆ ಇಲಾಖೆಗಳೇ ಹೇಳಿದ್ವು, ಎಫ್‌ಬಿಐ ಸಹಿತ. ಅದನ್ನ ಸುಪ್ರೀಂ ಕೋರ್ಟಿಗೆ ನೆಟ್ಟಗೆ ಹೇಳಲೇ ಇಲ್ಲ. ಪಶ್ಚಿಮ ಕರಾವಳಿಯ ಸೇನಾ ಮುಖ್ಯಸ್ಥ ಜನರಲ್ ಡಿವಿಟ್ ಅವರ ಆ ವರದಿಯ ಮೊದಲನೇ ರೂಪದಲ್ಲಿ, ಟೈಮ್ ಇಲ್ಲ ಅಂತಲ್ಲ, ಇವರಲ್ಲಿ ಒಳ್ಳೆಯವರು ಕೆಟ್ಟವರು ಅಂತ ಬೇರೆ ಮಾಡೋಕೇ ಸಾಧ್ಯ ಇಲ್ಲ ಅಂತ ಇತ್ತು, ಅದು ಕೋರ್ಟಲ್ಲಿ ನಿಲ್ಲಲ್ಲ ಅಂತ ಗೊತ್ತಾಗಿ ತಿದ್ದಿ ಹಳೇ ಪ್ರತಿಗಳನ್ನ ಸುಟ್ಟರು. ಒಂದು ಪ್ರತಿ ಉಳ್ಕೊಂಡಿತ್ತು. 1982ರಲ್ಲಿ ಅದನ್ನ ದಾಖಲೆ ಸಂಗ್ರಹದಲ್ಲಿ ಹುಡುಕಿ ತೆಗೆದವರು ಐಕೊ ಹೆರ್ಜಿಗ್-ಯೊಶಿನಾಗ, ಸ್ವತಃ ಹುಡುಗಿಯಾಗಿದ್ದಾಗ ಕ್ಯಾಂಪಲ್ಲಿದ್ದವರು. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋರ್ಟು ಕೊರೆಮಾಟ್ಸು ಮೇಲಿನ ಶಿಕ್ಷೆ ತೆಗೆದುಹಾಕ್ತು, 1988ರಲ್ಲಿ ರೀಗನ್ ಸಹಿ ಹಾಕಿದ ಕಾನೂನಲ್ಲಿ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಮತ್ತು ಕ್ಷಮಾಪಣೆ ಸಿಕ್ತು. ಸುಪ್ರೀಂ ಕೋರ್ಟ್ ತಾನೇ ಅದು ತೀರ್ಪು ಬಂದ ದಿನದಿಂದಲೇ ತಪ್ಪಾಗಿತ್ತು ಅಂತ ಹೇಳಿದ್ದು 2018ರಲ್ಲಿ. 74 ವರ್ಷ. ಕೊರೆಮಾಟ್ಸು 2005ರಲ್ಲೇ ತೀರಿಹೋಗಿದ್ರು.

ಇನ್ನೊಂದು ಪಾಯಿಂಟ್ ನಿನ್ನ ನೋಟ್ಸಿಗೆ ಬರ್ಕೋ. ಪರ್ಲ್ ಹಾರ್ಬರ್ ಇರೋದು ಹವಾಯಿಯಲ್ಲಿ, ಅಲ್ಲಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಪಾನಿ ಮೂಲದವರೇ. ಅಲ್ಲಿ ಸೇನಾ ಆಡಳಿತ ಹೇರಿದ್ರು, ಅದು ಬೇರೆ ಕಥೆ, ಆದ್ರೆ ಆ ಜನಾಂಗವನ್ನ ಇಡಿಯಾಗಿ ಎತ್ತಿ ಕ್ಯಾಂಪಿಗೆ ಹಾಕಲಿಲ್ಲ, ಹಾಕಿದ್ರೆ ದ್ವೀಪದ ಕೆಲಸವೇ ನಿಂತುಹೋಗ್ತಿತ್ತು. ಬಾಂಬ್ ಬಿದ್ದ ಜಾಗದಲ್ಲೇ ಬೇಡವಾಗಿದ್ದು ಸಾವಿರಾರು ಮೈಲಿ ದೂರದ ಕ್ಯಾಲಿಫೋರ್ನಿಯಾಗೆ ಹೇಗೆ ಬೇಕಾಯ್ತು?

ಪ್ರಶ್ನೆ (ಬೇ ಏರಿಯಾದಿಂದ): ಮೇಡಂ, ಹಾಗಾದ್ರೆ ಯುದ್ಧ ನಡೀತಿರುವಾಗಲೇ ಕೋರ್ಟು ಪ್ರೆಸಿಡೆಂಟಿಗೆ ನೋ ಅಂದಿದ್ದು ಇಲ್ಲವೇ ಇಲ್ವಾ? ಆಮೇಲೆ 60 ದಿನದ ರೂಲ್ ಅಂತ ನ್ಯೂಸಲ್ಲಿ ಪದೇ ಪದೇ ಬರುತ್ತೆ, ಅದೇನು?

ಉತ್ತರ (ವಕೀಲರು): ಇದೆ. 1952, ಕೊರಿಯಾ ಯುದ್ಧ ನಡೀತಿದೆ, ಉಕ್ಕಿನ ಕಾರ್ಖಾನೆ ಕಾರ್ಮಿಕರು ಸ್ಟ್ರೈಕ್ ಮಾಡೋಕೆ ಹೊರಟರು, ಉಕ್ಕಿಲ್ಲದೆ ಯುದ್ಧ ನಡೆಯಲ್ಲ ಅಂತ ಟ್ರೂಮನ್ ಏಪ್ರಿಲ್ 8ಕ್ಕೆ ಕಾರ್ಖಾನೆಗಳನ್ನೇ ಸರ್ಕಾರದ ಕೈಗೆ ತಗೊಂಡ್ರು. ಜೂನ್ 2ಕ್ಕೆ ಸುಪ್ರೀಂ ಕೋರ್ಟು 6-3ರಲ್ಲಿ ಆಗಲ್ಲ, ವಾಪಸ್ ಕೊಡಿ ಅಂತು. ಎರಡು ತಿಂಗಳೂ ಆಗಿರಲಿಲ್ಲ. ಆ ಒಂಬತ್ತೂ ಜಡ್ಜುಗಳನ್ನ ನೇಮಿಸಿದ್ದು ರೂಸ್‌ವೆಲ್ಟ್ ಇಲ್ಲಾ ಟ್ರೂಮನ್. ಟ್ರೂಮನ್ ಮರುಮಾತಾಡದೆ ಕಾರ್ಖಾನೆ ಬಿಟ್ಟುಕೊಟ್ರು, ಅದನ್ನ ನಾನು ಅವರ ಲೆಕ್ಕಕ್ಕೆ ಒಳ್ಳೇದು ಅಂತಲೇ ಬರೀತೀನಿ. ಆ ಕೇಸಲ್ಲಿ ಜಾಕ್ಸನ್ ಬರೆದ ಅಳತೆಗೋಲನ್ನೇ ಈಗ್ಲೂ ಕೋರ್ಟುಗಳು ಹಿಡಿಯೋದು. ಕಾಂಗ್ರೆಸ್ ಒಪ್ಪಿಗೆ ಜೊತೆಗಿದ್ರೆ ಪ್ರೆಸಿಡೆಂಟ್ ಪವರ್ ಅತಿ ಹೆಚ್ಚು, ಕಾಂಗ್ರೆಸ್ ಸುಮ್ನಿದ್ರೆ ಮಬ್ಬು ಮಬ್ಬು, ಕಾಂಗ್ರೆಸ್ ಬೇಡ ಅಂದಿದ್ದನ್ನ ಮಾಡಿದ್ರೆ ಅತಿ ಕಡಿಮೆ. ಆದ್ರೆ ಗಮನಿಸಿ, ಇಲ್ಲಿ ಕೋರ್ಟಿಗೆ ಬಂದಿದ್ದು ದೊಡ್ಡ ದೊಡ್ಡ ಕಂಪನಿ ಮಾಲೀಕರು, ದೇಶದ ಅತಿ ಹೆಸರುವಾಸಿ ವಕೀಲರನ್ನ ಇಟ್ಕೊಂಡು. ವೆಲ್ಡರ್ ಹುಡುಗ ಕಾದಿದ್ದು ಎರಡೂವರೆ ವರ್ಷ, ಅವನಿಗೆ ಸಿಕ್ಕಿದ್ದು ಸೋಲು.

60 ದಿನದ್ದು 1973ರ ವಾರ್ ಪವರ್ಸ್ ನಿರ್ಣಯ. ವಿಯೆಟ್ನಾಂ ಅನುಭವ ಆದಮೇಲೆ ನಿಕ್ಸನ್ ವೀಟೊ ಮಾಡಿದ್ರೂ ಕಾಂಗ್ರೆಸ್ ಮತ್ತೆ ಮೂರನೇ ಎರಡರಷ್ಟು ಬಹುಮತದಲ್ಲಿ ಪಾಸ್ ಮಾಡ್ತು. ಸೈನ್ಯ ಕಳಿಸಿದ್ರೆ 48 ಗಂಟೆಯಲ್ಲಿ ತಿಳಿಸಬೇಕು, ಒಪ್ಪಿಗೆ ಸಿಗದಿದ್ರೆ 60 ದಿನಕ್ಕೆ ಯುದ್ಧ ನಿಲ್ಲಿಸಬೇಕು, ಸೈನ್ಯವನ್ನ ಸುರಕ್ಷಿತವಾಗಿ ವಾಪಸ್ ಕರೆಸೋಕೆ ಬೇಕಿದ್ರೆ ಇನ್ನೊಂದು 30 ದಿನ. ಕೇಳೋಕೆ ಗಟ್ಟಿ. 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕ್ತಾ 60 ದಿನ ದಾಟಿದಾಗ ಒಬಾಮಾ ಸರ್ಕಾರ, ಇದು ಆ ಕಾನೂನು ಹೇಳೋ ಥರದ ಕಾದಾಟವೇ ಅಲ್ಲ ಅಂತ ವಾದ ಮಾಡ್ತು! ಪಾರ್ಟಿ ಯಾವುದಾದ್ರೂ ಇದೇ ಕಥೆ. ಅಮೆರಿಕ ಕಾಯ್ದೆ ಪ್ರಕಾರ ಕೊನೇ ಸಲ ಯುದ್ಧ ಘೋಷಣೆ ಮಾಡಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ, ಯಾವುದಕ್ಕೂ ಘೋಷಣೆ ಇಲ್ಲ.

ಪ್ರಶ್ನೆ (ನ್ಯೂಜೆರ್ಸಿಯಿಂದ, ಮೊದಲು ಕೇಳಿದವರು): ಮೇಡಂ ಮಗಳು ಪಕ್ಕದಲ್ಲೇ ಕೂತು ಓದ್ತಿದ್ದಾಳೆ. ಅದೆಲ್ಲ ಹಳೇ ಕಾಲ, 2001ರ ನಂತರ ಏನಾಯ್ತು ಕೇಳು ಅಂತಿದ್ದಾಳೆ.

ಉತ್ತರ (ವಕೀಲರು): ಕೇಳಲಿ ಕೇಳಲಿ. ಸೆಪ್ಟೆಂಬರ್ 11ರ ಉಗ್ರರ ದಾಳಿ ಆಗಿ ಒಂದೇ ವಾರಕ್ಕೆ, 2001 ಸೆಪ್ಟೆಂಬರ್ 18ಕ್ಕೆ ಕಾನೂನಾದ ಒಂದು ಅನುಮತಿ, ಒಂದೇ ಉದ್ದದ ವಾಕ್ಯ, ದಾಳಿ ಮಾಡಿದವರ ಮೇಲೂ ಅವರಿಗೆ ಆಶ್ರಯ ಕೊಟ್ಟವರ ಮೇಲೂ ಬೇಕಾದ ಬಲ ಬಳಸಿ ಅಂತ. ಕೆಳಮನೆಯಲ್ಲಿ 420 ಪರ, ವಿರೋಧ ಒಬ್ಬರೇ, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಅವರಿಗೆ ಬಂದ ಬೆದರಿಕೆಗೆ ಪೊಲೀಸ್ ಕಾವಲು ಬೇಕಾಯ್ತು. ಆ ಒಂದು ವಾಕ್ಯದ ಮೇಲೆ ನಾಲ್ಕು ಪ್ರೆಸಿಡೆಂಟುಗಳು ಬೇರೆ ಬೇರೆ ದೇಶದಲ್ಲಿ ಕಾದಾಡಿದ್ರು, ದೇಶದೊಳಗೆ ವಾರಂಟ್ ಇಲ್ಲದೆ ಫೋನ್ ಕದ್ದು ಕೇಳೋದಕ್ಕೂ ಇದೇ ಅನುಮತಿ ಸಾಕು ಅಂತ ಬುಷ್ ಸರ್ಕಾರ ಹೇಳ್ತು.

ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದ ಯಾಸರ್ ಹಮ್ದಿ ಅನ್ನೋ ಹುಡುಗ ಹುಟ್ಟಿದ್ದು ಲೂಸಿಯಾನಾದಲ್ಲಿ ಅಂತ ಆಮೇಲೆ ಗೊತ್ತಾಯ್ತು, ಅಂದ್ರೆ ಅಮೆರಿಕದ ಪ್ರಜೆ. ಶತ್ರು ಯೋಧ ಅಂತ ಒಂದು ಹೆಸರು ಕೊಟ್ಟು ನೌಕಾಪಡೆ ಜೈಲಲ್ಲಿ ಇಟ್ಟರು, ಚಾರ್ಜ್ ಶೀಟಿಲ್ಲ, ವಕೀಲರಿಲ್ಲ. ಅವನ ಅಪ್ಪ ಹೇಬಿಯಸ್ ಹಾಕಿದ್ರು. 2004ರ ಜೂನಲ್ಲಿ ಸುಪ್ರೀಂ ಕೋರ್ಟು, ಹಿಡಿದಿಡಬಹುದು ಆದ್ರೆ ಅವನಿಗೆ ತಟಸ್ಥರ ಮುಂದೆ ಪ್ರಶ್ನೆ ಮಾಡೋ ಅವಕಾಶ ಕೊಡಲೇಬೇಕು ಅಂತು. ಯುದ್ಧ ಅಂದ್ರೆ ಪ್ರಜೆಗಳ ಹಕ್ಕಿನ ವಿಷಯದಲ್ಲಿ ಪ್ರೆಸಿಡೆಂಟಿಗೆ ಖಾಲಿ ಚೆಕ್ ಅಲ್ಲ ಅಂತ ಜಸ್ಟೀಸ್ ಓಕಾನರ್ ಬರೆದ ಮಾತು ಅದರದ್ದೇ. ಆ ವಿಚಾರಣೆ ನಡೆಸೋ ಬದಲು ಸರ್ಕಾರ ಅದೇ ಅಕ್ಟೋಬರಲ್ಲಿ ಅವನನ್ನ ಸೌದಿಗೆ ಕಳಿಸಿಬಿಡ್ತು, ಪೌರತ್ವ ಬಿಡಬೇಕು ಅನ್ನೋ ಷರತ್ತಲ್ಲಿ. ಅಷ್ಟು ಅಪಾಯಕಾರಿ ಅಂತ ಮೂರು ವರ್ಷ ಹೇಳಿದವರು ಕಾರಣ ಕೊಡಿ ಅಂದ ತಕ್ಷಣ ಬಿಟ್ಟುಬಿಟ್ರು. 2008ರಲ್ಲಿ ಬೌಮೆಡಿಯನ್ ಕೇಸಲ್ಲಿ 5-4ರಿಂದ, ಕ್ಯೂಬಾದಲ್ಲಿರೋ ಅಮೆರಿಕದ ಸೇನಾ ಜೈಲು ಗ್ವಾಂಟನಾಮೊದಲ್ಲಿರೋ ವಿದೇಶಿಯರಿಗೂ ಹೇಬಿಯಸ್ ಇದೆ ಅಂತಾಯ್ತು.

ಈಗ ನಿಮ್ಮ ಗ್ರೀನ್ ಕಾರ್ಡ್ ಪ್ರಶ್ನೆ. ವಿದೇಶಿಯರಿಗೂ ಹೇಬಿಯಸ್ ಇದೆ, ಕಾನೂನಿನ ಕ್ರಮದಂತೆ ವಿಚಾರಣೆ ಆಗೋ ಹಕ್ಕು ದೇಶದೊಳಗಿರೋ ಯಾವ ಮನುಷ್ಯನಿಗಾದ್ರೂ ಇದೆ, ಹೆಚ್1ಬಿ ಆಗಲಿ ಗ್ರೀನ್ ಕಾರ್ಡಾಗಲಿ. ಆದ್ರೆ 1798ರ ಒಂದು ಹಳೇ ಕಾನೂನು ಇನ್ನೂ ಜೀವಂತ ಇದೆ, ಶತ್ರು ವಿದೇಶಿಯರ ಕಾಯ್ದೆ. ಯಾವ ದೇಶದ ಜೊತೆ ಘೋಷಿತ ಯುದ್ಧ ಇರುತ್ತೋ, ಇಲ್ಲಾ ಆ ದೇಶದಿಂದ ದಾಳಿ ಆಗಿರುತ್ತೋ, ಅಲ್ಲಿನ 14 ವರ್ಷ ಮೇಲ್ಪಟ್ಟ ಪೌರತ್ವ ಪಡೆಯದವರನ್ನ ಹಿಡಿಯಬಹುದು, ಹೊರಗೆ ಹಾಕಬಹುದು. ಭಾರತದ ಜೊತೆ ಅಂಥದ್ದೇನಿಲ್ಲ, ಹೆದರಬೇಡಿ. ಆದ್ರೆ 2025ರ ಮಾರ್ಚಲ್ಲಿ ಯುದ್ಧವೇ ಇಲ್ಲದೆ ವೆನೆಜುವೆಲಾದ ಗ್ಯಾಂಗ್ ಸದಸ್ಯರು ಅಂತ ಹೇಳಿ ಅದೇ ಕಾಯ್ದೆಯಲ್ಲಿ ಜನರನ್ನ ವಿಮಾನ ಹತ್ತಿಸಿ ಎಲ್ ಸಾಲ್ವಡಾರ್ ಜೈಲಿಗೆ ಕಳಿಸಿದ್ರು. ಸುಪ್ರೀಂ ಕೋರ್ಟ್ ಏಪ್ರಿಲಲ್ಲಿ, ಮುಂಚೆ ನೋಟಿಸ್ ಕೊಡಬೇಕು, ಹೇಬಿಯಸ್ ಹಾಕೋಕೆ ಟೈಮ್ ಕೊಡಬೇಕು ಅಂತು. ಆ ವಿಮಾನ ಆಗಲೇ ಇಳಿದಿತ್ತು. ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು, ಮನೆಯವರಿಗೆಲ್ಲ ನಿಮ್ಮ ಎ ನಂಬರ್, ಅಂದ್ರೆ ವಲಸೆ ಇಲಾಖೆ ಕೊಡೋ ಗುರುತಿನ ಸಂಖ್ಯೆ, ಗೊತ್ತಿರಲಿ, ಒಬ್ಬ ವಕೀಲರ ಫೋನ್ ನಂಬರ್ ಬಾಯಿಪಾಠ ಇರಲಿ, ಹಿಡಿದ್ರೆ ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಇದು ಸಾಮಾನ್ಯ ಮಾಹಿತಿ, ನಿಮ್ಮ ಸ್ವಂತ ಕೇಸಿದ್ರೆ ಕಾಗದ ತಗೊಂಡು ವಕೀಲರನ್ನ ಎದುರಿಗೆ ನೋಡಿ.

ಪ್ರಶ್ನೆ (ಮಡಿಕೇರಿಯಿಂದ): ಮೇಡಂ, ಅಮೆರಿಕದವರನ್ನ ಅಷ್ಟು ಹೇಳಿದ್ರಿ, ನಮ್ಮಲ್ಲಿ ಏನು ಕಡಿಮೆ ಆಯ್ತಾ?

ಉತ್ತರ (ವಕೀಲರು): ಇಲ್ಲ ಸರ್, ಕಡಿಮೆ ಇಲ್ಲ. 1962ರಲ್ಲಿ ಚೀನಾ ಯುದ್ಧಕ್ಕೆ ಎಮರ್ಜೆನ್ಸಿ ಹಾಕಿದ್ರು, ಯುದ್ಧ ಒಂದೇ ತಿಂಗಳಿಗೆ ನಿಂತುಹೋಯ್ತು, ಎಮರ್ಜೆನ್ಸಿ ತೆಗೆದದ್ದು 1968ರ ಜನವರಿಯಲ್ಲಿ. ಅಸ್ಸಾಂ, ಬಂಗಾಳದ ಕಡೆ ತಲೆಮಾರುಗಳಿಂದ ಇದ್ದ ಚೀನೀ ಮೂಲದ ಸುಮಾರು 3,000 ಜನರನ್ನ ರೈಲಲ್ಲಿ ರಾಜಸ್ಥಾನದ ದೇವ್ಲಿ ಕ್ಯಾಂಪಿಗೆ ಸಾಗಿಸಿದ್ರು, ಕೆಲವರು ವರ್ಷಗಟ್ಟಲೆ ಅಲ್ಲಿದ್ರು. ಕೊರೆಮಾಟ್ಸು ಕಥೆಗೂ ಇದಕ್ಕೂ ಏನು ವ್ಯತ್ಯಾಸ? ಅಮೆರಿಕ ಕ್ಷಮೆ ಕೇಳಿ ದುಡ್ಡು ಕೊಟ್ಟಿತು, ನಮ್ಮಲ್ಲಿ ಅದೂ ಆಗಿಲ್ಲ. 1971ರ ಯುದ್ಧಕ್ಕೆ ಹಾಕಿದ ಎಮರ್ಜೆನ್ಸಿಯಂತೂ 1977ರವರೆಗೂ ಇತ್ತು, 1975ರದ್ದು ಅದರ ಮೇಲೆ ಇನ್ನೊಂದು.

ಆ 1975ರ ಜೂನ್ 26ಕ್ಕೆ ವಾಜಪೇಯಿ, ಅಡ್ವಾಣಿ ಬೆಂಗಳೂರಲ್ಲಿದ್ರು, ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ರು, ಈಗ ಫ್ರೀಡಂ ಪಾರ್ಕ್ ಇರೋ ಜಾಗ. ಕರ್ನಾಟಕ ಹೈಕೋರ್ಟೂ ಸೇರಿದ ಹಾಗೆ ಹಲವು ಹೈಕೋರ್ಟುಗಳು ಹೇಬಿಯಸ್ ಅರ್ಜಿ ಕೇಳ್ತೀವಿ ಅಂದ್ವು. 1976 ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು 4-1ರಲ್ಲಿ ಕೇಳೋ ಹಾಗಿಲ್ಲ ಅಂತು. ವಾದ ನಡೆಯುವಾಗ ಜಸ್ಟೀಸ್ ಖನ್ನಾ, ಒಬ್ಬ ಪೊಲೀಸ್ ಅಧಿಕಾರಿ ದ್ವೇಷಕ್ಕೆ ಒಬ್ಬನನ್ನ ಕೊಂದ್ರೂ ಪರಿಹಾರ ಇಲ್ವಾ ಅಂತ ಕೇಳಿದ್ರು, ಅಟಾರ್ನಿ ಜನರಲ್ ತಮ್ಮ ವಾದ ಒಪ್ಪಿದ್ರೆ ಇಲ್ಲ ಅಂತಲೇ ಉತ್ತರ ಕೊಟ್ಟರು. ಒಬ್ಬರೇ ಭಿನ್ನ ತೀರ್ಪು ಬರೆದ ಖನ್ನಾ ಅವರಿಗೆ ಚೀಫ್ ಜಸ್ಟೀಸ್ ಪದವಿ ತಪ್ಪಿತು. ಆಮೇಲೆ 44ನೇ ತಿದ್ದುಪಡಿ ಬಂತು, ಈಗ ಯಾವ ಎಮರ್ಜೆನ್ಸಿಯಲ್ಲೂ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನ ಅಮಾನತ್ತಲ್ಲಿ ಇಡೋ ಹಾಗಿಲ್ಲ. ಆ 1976ರ ತೀರ್ಪನ್ನ ರದ್ದು ಮಾಡಿದ್ದು 2017ರ ಪ್ರೈವಸಿ ಕೇಸಲ್ಲಿ, ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು. ಇಲ್ಲೂ 41 ವರ್ಷ ಹಿಡೀತು ಸರ್.

ಕಾಮೆಂಟ್ (ಮಡಿಕೇರಿಯಿಂದ): ದೇವ್ಲಿ ವಿಷಯ ಕೇಳಿರಲೇ ಇಲ್ಲ ಮೇಡಂ. ಹಿಡಿಯೋದು ಬೇಡ ಅನ್ನೋಕೆ ನಾನು ಈಗ್ಲೂ ತಯಾರಿಲ್ಲ, ಆದ್ರೆ ಹಿಡಿದ ಮೇಲೆ ಜಡ್ಜ್ ಮುಂದೆ ತರಬೇಕು ಅನ್ನೋದು ಒಪ್ತೀನಿ. ನಾವೂ ಯುದ್ಧ ಕೈದಿಗಳ ಹೆಸರು ಬರೆದು ರೆಡ್ ಕ್ರಾಸಿಗೆ ಕೊಡ್ತೀವಲ್ಲ, ಮನೆಯವನಿಗೆ ಅಷ್ಟಾದ್ರೂ ಬೇಕು.

ಉತ್ತರ (ವಕೀಲರು): ಸರ್, ನಾನು ಇಷ್ಟುದ್ದ ಬರೆದು ಕೇಳ್ತಿರೋದೂ ಅಷ್ಟೇ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಮೇಡಂ ಕೊನೇದು, ಮಗಳು ಪರವಾಗಿ ಮಾತಾಡಬೇಕಲ್ಲ, ಇದೆಲ್ಲ ಓದಿ ಈಗ ಅಳು ಬರ್ತಿದೆ ಅಂತಿದ್ದಾಳೆ. ಏನು ಹೇಳಲಿ?

ಉತ್ತರ (ವಕೀಲರು): ಅಳೋದು ಬೇಡ ಪುಟ್ಟ, ನಿನ್ನ ಕಡೆಗೂ ಗಟ್ಟಿ ವಾದ ಇದೆ. ಜಪಾನಿಗಳ ಕ್ಯಾಂಪನ್ನ ಸಮರ್ಥಿಸೋಕೆ ಹೋಗಬೇಡ, ಮೊದಲ ನಿಮಿಷದಲ್ಲೇ ಅದು ತಪ್ಪು ಅಂತ ಒಪ್ಪಿಬಿಡು, ಎದುರಾಳಿ ತಯಾರಿ ಮಾಡ್ಕೊಂಡು ಬಂದ ಅರ್ಧ ಅಲ್ಲೇ ಖರ್ಚಾಗುತ್ತೆ. ಆಮೇಲೆ 1861ರ ಏಪ್ರಿಲ್ ಒಂದನ್ನೇ ಹಿಡ್ಕೋ. ದಂಗೆ ಅನ್ನೋ ಮಾತು ಸಂವಿಧಾನದಲ್ಲೇ ಇದೆ, ಕಾಂಗ್ರೆಸ್ ಕೂತಿರಲಿಲ್ಲ, ಸೇತುವೆ ಉರೀತಿತ್ತು, ಕೂತ ಮೇಲೆ ಅವರ ಮುಂದೆ ಇಟ್ಟರು, ಅವರು 1863ರಲ್ಲಿ ಒಪ್ಪಿದ್ರು. ಮೊಟಕು ಮಾಡಬಹುದು, ಆದ್ರೆ ಜಾಗ ಇಷ್ಟೇ, ಟೈಮ್ ಇಷ್ಟೇ, ಕಾಂಗ್ರೆಸ್ ಒಪ್ಪಿಗೆ ಬೇಕು, ಹಿಡಿದವನ ಹೆಸರು ಕೋರ್ಟಿಗೆ ಹೋಗಬೇಕು, ಈ ನಾಲ್ಕು ಷರತ್ತು ನೀನೇ ಹಾಕು. 1863ರ ಕಾನೂನಲ್ಲೇ ಬಂಧಿಗಳ ಪಟ್ಟಿಯನ್ನ ಫೆಡರಲ್ ಜಡ್ಜುಗಳಿಗೆ ಕೊಡಬೇಕು ಅಂತ ಇತ್ತು, ಅದನ್ನ ತಪ್ಪದೆ ಹೇಳು. ಮಿಲಿಗನ್ ಬಗ್ಗೆ ಕೇಳೇ ಕೇಳ್ತಾರೆ, ಆಗ ಆ ಪಟ್ಟಿಯಲ್ಲಿ ಅವನ ಹೆಸರು ಇರಬೇಕಿತ್ತು, ಕಾನೂನು ಪಾಲಿಸಿದ್ರೆ ಅವನು ಮೊದಲೇ ಆಚೆ ಬರ್ತಿದ್ದ ಅಂತ ಹೇಳು. ಡಿಬೇಟ್ ಮುಗಿದ ಮೇಲೆ ಹೇಗಾಯ್ತು ಅಂತ ಇಲ್ಲೇ ಬರೆದು ತಿಳಿಸು.